ಟಿಕ್ ಫೀವರ್ ಮಾತ್ರೆ ಶುರುವಾದಾಗಿಂದ ಚಿನ್ನಿ ಒಂದೇ ಸಮ ನೀರು ಕುಡಿಯುತ್ತಿದ್ದಾಳೆ. ಮಾತ್ರೆ ನಿಲ್ಲಿಸಲಾ?

ಚಿನ್ನಿಅಮ್ಮ (ಕುವೆಂಪುನಗರ) – ಭಾನುವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನಿ ನಾಟಿ ನಾಯಿ, ಹೆಣ್ಣು, 6 ವರ್ಷ, 18 ಕೆಜಿ. ಮಳೆ ಶುರುವಾದಾಗಿಂದ ಮೈತುಂಬ ಉಣ್ಣಿ. ದಿನಾ ಕೂತು ಆರಿಸಿದರೂ ಮಾರನೇ ದಿನ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಮತ್ತೆ ಕಚ್ಚಿಕೊಂಡಿರುತ್ತಿದ್ದವು. ಹೋದ ವಾರ ಊಟ ಬಿಟ್ಟಳು. ಜ್ವರ 104 ಇತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಟಿಕ್ ಫೀವರ್, ಎರ್ಲಿಕಿಯಾ (ಉಣ್ಣಿ ಹರಡುವ ಬ್ಯಾಕ್ಟೀರಿಯಾ) ಎಂದು ಬಂತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಬರೀ 42,000. ಡಾಕ್ಟರು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಎರಡು ಸಲ, 28 ದಿನ ಕೊಡಲು ಹೇಳಿದರು. ಜೊತೆಗೆ ಪ್ರೆಡ್ನಿಸೊಲೋನ್.

ಇವತ್ತು ಐದನೇ ದಿನ. ಜ್ವರ ಇಳಿದಿದೆ. ಆದರೆ ನೀರು ಎಷ್ಟು ಕುಡಿಯುತ್ತಾಳೆ ಅಂದರೆ, ಮೊದಲು ದಿನಕ್ಕೆ ಒಂದು ಬೋಸಿ ಸಾಕಾಗುತ್ತಿತ್ತು, ಈಗ ಐದು ಬೋಸಿ. ರಾತ್ರಿ ಎರಡು ಸಲ ದೇವರ ಮನೆ ಬಾಗಿಲಲ್ಲೇ ಉಚ್ಚೆ ಹೊಯ್ದುಬಿಟ್ಟಳು. ಆರು ವರ್ಷದಲ್ಲಿ ಒಂದು ದಿನವೂ ಮನೆಯೊಳಗೆ ಮಾಡಿದವಳಲ್ಲ. ಮಾಡಿದ ಮೇಲೆ ಮಂಚದ ಕೆಳಗೆ ಹೋಗಿ, ಗೋಡೆ ಕಡೆ ಮುಖ ಮಾಡಿ ಮಲಗಿಕೊಂಡಳು. ನಾನು ಬೈಯಲೂ ಇಲ್ಲ, ಆದರೂ ಹೊರಗೆ ಬರಲಿಲ್ಲ. ಮಾತ್ರೆ ಕೊಟ್ಟ ಅರ್ಧ ಗಂಟೆಗೆ ಹಳದಿ ನೊರೆ ವಾಂತಿಯೂ ಆಗುತ್ತಿದೆ. ನಡೆಯದಿದ್ದರೂ ಏದುಸಿರು.

ಅತ್ತೆ ಇದು ಉಷ್ಣದ ಮಾತ್ರೆ, ನಿಲ್ಲಿಸಿ ಮಜ್ಜಿಗೆ ಕೊಡು ಎನ್ನುತ್ತಾರೆ. ಯಜಮಾನರೂ ಎರಡು ದಿನ ಬಿಟ್ಟು ನೋಡೋಣ ಅಂತಾರೆ. ಇವತ್ತು ಭಾನುವಾರ, ಕ್ಲಿನಿಕ್ ಇಲ್ಲ, ಫೋನೂ ಎತ್ತುತ್ತಿಲ್ಲ. ಇದು ಸೈಡ್ ಎಫೆಕ್ಟಾ? ನಿಲ್ಲಿಸಲಾ?

ಬೋಗಾದಿ_ಬ್ರೌನಿ – 9:52

ನಿಲ್ಲಿಸಿ ಮೇಡಂ. ಇಷ್ಟೆಲ್ಲ ತೊಂದರೆ ಕೊಡುವ ಮಾತ್ರೆ ಯಾಕೆ? ದೇಹ ಬೇಡ ಅಂತ ಹೇಳ್ತಾ ಇದೆ.

ಮೂರ್‌ಬೆಕ್ಕು (ಸರಸ್ವತಿಪುರಂ) – 9:55

ನಿಲ್ಲಿಸಬೇಡಿ!! ಬ್ರೌನಿಯವರೇ, ಪ್ಲೇಟ್‌ಲೆಟ್ 42,000 ಅಂತ ಬರೆದಿದ್ದಾರೆ, ಓದಿದಿರಾ?

ವೆಟ್_ಓದ್ತಿರೋಳು (ಹಾಸನ) – 10:10

ನಾನು ಹಾಸನದ ವೆಟರ್ನರಿ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದೇನೆ. ಊರು ಮೈಸೂರೇ. ಡಾಕ್ಟರ್ ಆಗಿಲ್ಲ ಇನ್ನೂ, ಆದ್ದರಿಂದ ನಾನು ಹೇಳಿದ್ದನ್ನು ನಿಮ್ಮ ಡಾಕ್ಟರ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳಿ.

ನೀವು ಹೇಳಿದ್ದರಲ್ಲಿ ಎರಡು ಮಾತ್ರೆಯ ಕೆಲಸ ಬೆರೆತಿದೆ. ನೀರು, ಉಚ್ಚೆ, ಏದುಸಿರು, ಇವು ಪ್ರೆಡ್ನಿಸೊಲೋನ್‌ನಿಂದ. ಅದು ಸ್ಟೀರಾಯ್ಡ್. ಹಸಿವೂ ಜಾಸ್ತಿ ಆಗಿರಬೇಕು. ಹೆಚ್ಚುಕಡಿಮೆ ಎಲ್ಲ ನಾಯಿಗಳಿಗೂ ಆಗುತ್ತದೆ, ಡೋಸ್ ಇಳಿಸಿದ ಹಾಗೆ ಹೋಗುತ್ತದೆ. ನೀರು ಮಾತ್ರ ಮುಚ್ಚಿಡಬೇಡಿ, ಕುಡಿಯಲಿ. ದಿನಕ್ಕೆ ಒಂದೇ ಸಲ ಕೊಡುವುದಾದರೆ ಬೆಳಿಗ್ಗೆ ಊಟದ ಜೊತೆ ಕೊಡಬಹುದಾ ಎಂದು ಡಾಕ್ಟರನ್ನು ಕೇಳಿ. ರಾತ್ರಿ ಏಳುವುದು ಕಡಿಮೆಯಾಗುತ್ತದೆ. ಮಲಗುವ ಮುಂಚೆ ಒಂದು ಸಲ, ನಡುರಾತ್ರಿ ಒಂದು ಸಲ ಹೊರಗೆ ಬಿಡಿ.

ಸ್ಟೀರಾಯ್ಡನ್ನು ನಾವಾಗಿ ಥಟ್ಟನೆ ನಿಲ್ಲಿಸಬಾರದು. ಹೊರಗಿಂದ ಬರುತ್ತಿದೆಯಲ್ಲ ಎಂದು ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಅದಕ್ಕೇ ಮೆಟ್ಟಿಲು ಇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸುವುದು. ಐದು ದಿನಕ್ಕೆ ಅಷ್ಟು ಅಪಾಯ ಇಲ್ಲದಿರಬಹುದು. ಆದರೆ ಪ್ಲೇಟ್‌ಲೆಟ್ ಉಳಿಸಲು ಕೊಟ್ಟಿರುವ ಔಷಧಿ ಅದು.

ವಾಂತಿ ಡಾಕ್ಸಿಯಿಂದ ಇರಬೇಕು. ಖಾಲಿ ಹೊಟ್ಟೆಗೆ ಕೊಡುತ್ತಿದ್ದೀರಾ? ಯಾವುದರಲ್ಲಿ ಇಟ್ಟು ಕೊಡುತ್ತೀರಿ? ಇನ್ನೊಂದು, ಬೇರೆ ಯಾವುದಾದರೂ ಮಾತ್ರೆ, ಟಾನಿಕ್ ನಡೆಯುತ್ತಿದೆಯಾ?

ಚಿನ್ನಿಅಮ್ಮ – 10:31

ತುಂಬ ಥ್ಯಾಂಕ್ಸ್ ಕಣಮ್ಮಾ. ಬೆಳಿಗ್ಗೆ ಎದ್ದ ತಕ್ಷಣ ಒಂದು ತುತ್ತು ಮೊಸರನ್ನದೊಳಗೆ ಮಾತ್ರೆ ಬಚ್ಚಿಟ್ಟು ಕೊಡುತ್ತೇನೆ. ಬೇರೆ ಯಾವುದರಲ್ಲಿ ಕೊಟ್ಟರೂ ಅನ್ನ ತಿಂದು ಮಾತ್ರೆ ಮಾತ್ರ ಉಗುಳಿಬಿಡುತ್ತಾಳೆ. ಬೇರೆ ಔಷಧಿ ಏನೂ ಇಲ್ಲ.

ಸಕ್ಕರೆನಾಡು_ಮೆಡಿಕಲ್ (ಮಂಡ್ಯ) – 10:38

ಅಯ್ಯೋ ಮೊಸರು ಬೇಡ ಅಮ್ಮಾ. ಡಾಕ್ಸಿಸೈಕ್ಲಿನ್ ಟೆಟ್ರಾಸೈಕ್ಲಿನ್ ಜಾತಿಯದು. ಹಾಲು ಮೊಸರಿನ ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡು ರಕ್ತಕ್ಕೆ ಸೇರದ ಹಾಗೆ ಮಾಡುತ್ತದೆ. ಕೊಟ್ಟ ಮಾತ್ರೆ ಅರ್ಧ ದಂಡ.

ವೆಟ್_ಓದ್ತಿರೋಳು – 10:44

ಅರ್ಧ ದಂಡ ಅನ್ನುವುದು ಸ್ವಲ್ಪ ಜಾಸ್ತಿ ಆಯಿತು ಸರ್. ಹಳೆಯ ಟೆಟ್ರಾಸೈಕ್ಲಿನ್‌ಗೆ ಅಷ್ಟು ಹೊಡೆತ, ಡಾಕ್ಸಿಗೆ ಅದಕ್ಕಿಂತ ಕಡಿಮೆ. ಆದರೂ ಮೊಸರು, ಪನೀರು, ಕ್ಯಾಲ್ಸಿಯಂ ಟಾನಿಕ್, ಕಬ್ಬಿಣದ ಟಾನಿಕ್ ಜೊತೆಗೆ ಬೇಡ ಅನ್ನುವುದು ಸರಿಯೇ. ಹೊಟ್ಟೆ ತುಂಬ ಅನ್ನ, ಬೇಯಿಸಿದ ಕೋಳಿ ತಿನ್ನಿಸಿ ಆಮೇಲೆ ಮಾತ್ರೆ ಕೊಡಿ. ವಾಂತಿ ನಿಲ್ಲಬಹುದು. ಮಾತ್ರೆ ಹಿಂದೆ ಸ್ವಲ್ಪ ನೀರೋ, ಸಾರು ಬೆರೆಸಿದ ಅನ್ನವೋ ಹೋಗಲಿ.

ಸಕ್ಕರೆನಾಡು_ಮೆಡಿಕಲ್ – 10:47

ಒಪ್ಪಿದೆ. ಅರ್ಧ ಅಂದದ್ದು ನನ್ನ ತಪ್ಪು.

ಪಾಂಡವಪುರ_ಗದ್ದೆ – 10:50

ನಮ್ಮ ಕಡೆ ಮುದ್ದೆ ಒಳಗೆ ಇಟ್ಟು ಕೊಡ್ತೀವಿ ಕಣ್ರೀ. ಅಗಿಯದೆ ನುಂಗುವುದು ಅಂದರೆ ಮುದ್ದೆ, ನಾಯಿಗೂ ಅಭ್ಯಾಸ ಆಗಿದೆ 😊 ರಾಗಿಯಲ್ಲೂ ಕ್ಯಾಲ್ಸಿಯಂ ಇದೆ ಅಂತಾರಲ್ಲ, ಅದೂ ಬೇಡವಾ?

ಸಕ್ಕರೆನಾಡು_ಮೆಡಿಕಲ್ – 10:53

ಡಾಕ್ಸಿ ನಡೆಯುವಷ್ಟು ದಿನ ಅನ್ನದಲ್ಲೇ ಕೊಡಿ. ಮುದ್ದೆ ಮಧ್ಯಾಹ್ನ ತಿನ್ನಲಿ, ಯಾರು ಬೇಡ ಅಂದರು.

ಮೂರ್‌ಬೆಕ್ಕು – 11:02

ಬೆಕ್ಕು ಸಾಕಿದವರು ಒಂದು ಮಾತು ನೆನಪಿಡಿ. ಡಾಕ್ಸಿ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಅಂಟಿ ಕೂತರೆ ಅಲ್ಲೇ ಹುಣ್ಣಾಗುತ್ತದೆ. ಆಮೇಲೆ ಅದು ಮಾಯುವಾಗ ನಾಳವೇ ಸಣ್ಣದಾಗಿ ಊಟ ಇಳಿಯುವುದಿಲ್ಲ. ಬರೀ ಮಾತ್ರೆ ಗಂಟಲಿಗೆ ತಳ್ಳಿ ಬಿಡಬೇಡಿ, ಹಿಂದೆಯೇ ಸಿರಿಂಜಲ್ಲಿ ನೀರು ಕುಡಿಸಿ.

ಬೋಗಾದಿ_ಬ್ರೌನಿ – 11:15

ನನಗೆ ಈ ಮಾತ್ರೆಗಳ ಮೇಲೆ ನಂಬಿಕೆ ಹೋಗಿದೆ. ಉಣ್ಣಿಗೆ ಅಂತ ತಿಂಗಳಿಗೊಂದು, ಮೂರು ತಿಂಗಳಿಗೊಂದು ತಿನ್ನಿಸುವ ಮಾತ್ರೆ ಬಂದಿದೆಯಲ್ಲ, ಅದನ್ನು ತಿಂದು ನಾಯಿಗೆ ಫಿಟ್ಸ್ ಬಂದ ವಿಡಿಯೋ ಎಷ್ಟೋ ನೋಡಿದ್ದೇನೆ. ಅಮೆರಿಕದಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ನಾನು ಬ್ರೌನಿಗೆ ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ಸವರುತ್ತೇನೆ ಅಷ್ಟೆ. ಇವರೂ ಮೊದಲೇ ಹಾಗೆ ಮಾಡಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ವೆಟ್_ಓದ್ತಿರೋಳು – 11:34

ಎಚ್ಚರಿಕೆ ಕೊಟ್ಟದ್ದು ನಿಜ. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಟ್ಟಿತು. ಐಸಾಕ್ಸಾಜೊಲಿನ್ ಗುಂಪಿನ ಔಷಧಿಗಳು, ಅಂದರೆ ಫ್ಲುರಲಾನರ್, ಅಫಾಕ್ಸೊಲಾನರ್, ಸಾರೊಲಾನರ್ ಇಂಥವು, ಕೆಲವು ನಾಯಿ ಬೆಕ್ಕುಗಳಲ್ಲಿ ನಡುಕ, ತೂರಾಟ, ಫಿಟ್ಸ್ ತರಬಹುದು ಅಂತ. ಆದರೆ ಅದೇ ಎಚ್ಚರಿಕೆಯಲ್ಲಿ ಇನ್ನೊಂದು ಮಾತೂ ಇದೆ. ಹೆಚ್ಚಿನ ಪ್ರಾಣಿಗಳಿಗೆ ಇವು ಸುರಕ್ಷಿತ, ಮೊದಲೇ ಫಿಟ್ಸ್ ಇದ್ದವಕ್ಕೆ ಕೊಡುವ ಮುಂಚೆ ಡಾಕ್ಟರ ಜೊತೆ ಮಾತಾಡಿ. ವಿಡಿಯೋಗಳಲ್ಲಿ ಎರಡನೇ ಮಾತು ಬರುವುದೇ ಇಲ್ಲ. ನಮ್ಮ ಕಡೆ ಟಿಕ್ ಫೀವರ್‌ನಿಂದ ಸಾಯುವ ನಾಯಿಗಳನ್ನು ಪ್ರತಿ ಮಳೆಗಾಲ ನೋಡುತ್ತಿದ್ದೇನೆ, ಅದನ್ನೂ ತಕ್ಕಡಿಯಲ್ಲಿ ಇಡಬೇಕಲ್ವಾ?

ಕರ್ಪೂರ ದಯವಿಟ್ಟು ನಿಲ್ಲಿಸಿ. ಅದು ಚರ್ಮದಿಂದಲೂ ಒಳಗೆ ಇಳಿಯುತ್ತದೆ, ನೆಕ್ಕಿದರೆ ಇನ್ನೂ ಬೇಗ. ನೀವು ಮಾತ್ರೆಗೆ ಹೆದರುತ್ತಿರುವ ಅದೇ ಫಿಟ್ಸ್ ಕರ್ಪೂರದಿಂದ ಬರುತ್ತದೆ.

ಬೋಗಾದಿ_ಬ್ರೌನಿ – 11:41

ಕರ್ಪೂರಕ್ಕೆ ಫಿಟ್ಸಾ? ನಮ್ಮಜ್ಜಿ ಕಾಲದಿಂದ ಮಕ್ಕಳ ಎದೆಗೇ ಸವರಿದ್ದೇವೆ.

ಸಕ್ಕರೆನಾಡು_ಮೆಡಿಕಲ್ – 11:45

ಮಕ್ಕಳಿಗೂ ಅದೇ ಮಾತು. ಮಕ್ಕಳು ಕರ್ಪೂರ ಬಾಯಿಗೆ ಹಾಕಿಕೊಂಡು ಫಿಟ್ಸ್ ಬಂದು ಆಸ್ಪತ್ರೆಗೆ ಸೇರುವುದು ಹೊಸದಲ್ಲ. ಸಣ್ಣ ಮಕ್ಕಳಿಗೆ ಹಚ್ಚಬೇಡಿ ಎಂದು ಮಕ್ಕಳ ಡಾಕ್ಟರುಗಳೇ ಹೇಳುತ್ತಾರೆ. ನಾಯಿ ಮೈಯೆಲ್ಲ ನೆಕ್ಕಿಕೊಳ್ಳುತ್ತದೆ, ಮಗು ನೆಕ್ಕುವುದಿಲ್ಲ.

ಪಾಂಡವಪುರ_ಗದ್ದೆ – 12:05

ಔಷಧಿ ಒಳ್ಳೆಯದಾ ಕೆಟ್ಟದ್ದಾ ಅಂತ ಹೊಡೆದಾಡುವುದಕ್ಕಿಂತ ಎಷ್ಟು ಕೊಟ್ಟರು ಅನ್ನುವುದನ್ನು ನೋಡಿ. ನಮ್ಮ ಮನೆಯಲ್ಲೇ ಆಗಿದ್ದು ಹೇಳುತ್ತೇನೆ. ಕೊಟ್ಟಿಗೆಯಲ್ಲಿ ಎರಡು ತಿಂಗಳ ಮರಿ ಇತ್ತು, ನಾಲ್ಕು ಕೆಜಿ ಇರಬಹುದು. ಮೈಯೆಲ್ಲ ಕಜ್ಜಿ. ದನಕ್ಕೆ ಇಂಜೆಕ್ಷನ್ ಹಾಕಲು ಬಂದವರೊಬ್ಬರು ಅದೇ ಬಾಟಲಿಯಿಂದ ಮರಿಗೂ ಒಂದು ಎಂಎಲ್ ಐವರ್ಮೆಕ್ಟಿನ್ ಚುಚ್ಚಿ ಹೋದರು. ನಾವೂ ಒಳ್ಳೆಯದಾಯಿತು ಅಂದುಕೊಂಡೆವು.

ಸಂಜೆ ಹಾಲು ಕರೆಯಲು ಹೋದರೆ ಮರಿ ಗೋಡೆಗೆ ತಲೆ ಒತ್ತಿಕೊಂಡು ನಿಂತಿತ್ತು. ಕರೆದರೆ ತಿರುಗಲಿಲ್ಲ. ಎತ್ತಿಕೊಂಡೆ, ಬಾಯಿಂದ ಜೊಲ್ಲು ನನ್ನ ಪಂಚೆ ಮೇಲೆ ಸುರಿಯಿತು. ಕಣ್ಣಿನ ಪಾಪೆ ನೇರಳೆ ಹಣ್ಣಿನಷ್ಟು ಅಗಲವಾಗಿ ಕಪ್ಪಗೆ. ಟಾರ್ಚ್ ಬಿಟ್ಟರೂ ಅದು ಚಿಕ್ಕದಾಗಲಿಲ್ಲ. ಕಣ್ಣೇ ಕಾಣುತ್ತಿರಲಿಲ್ಲ ಕಣ್ರೀ ಅದಕ್ಕೆ. ರಾತ್ರಿಯೇ ಬೈಕಲ್ಲಿ ಹಾಕಿಕೊಂಡು ಮಂಡ್ಯಕ್ಕೆ ಹೋದೆವು. ಮೂರು ದಿನ ಡ್ರಿಪ್. ಐದನೇ ದಿನ ನಾನು ಕೈ ಆಡಿಸಿದರೆ ತಲೆ ತಿರುಗಿಸಿತು. ಈಗ ಎರಡು ವರ್ಷ, ಗದ್ದೆ ಕಾಯುತ್ತದೆ.

ವೆಟ್_ಓದ್ತಿರೋಳು – 12:24

ಬದುಕಿತಲ್ಲ, ಅದೇ ದೊಡ್ಡದು. ಲೆಕ್ಕ ಹಾಕಿ ನೋಡಿ. ದನದ ಆ ಇಂಜೆಕ್ಷನ್ 1 ಪರ್ಸೆಂಟ್, ಅಂದರೆ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ. ನಾಲ್ಕು ಕೆಜಿ ಮರಿಗೆ ಕೆಜಿಗೆ ಎರಡೂವರೆ ಮಿಲಿಗ್ರಾಂ ಬಿತ್ತು. ಹೃದಯದ ಹುಳ ಬಾರದಂತೆ ನಾಯಿಗೆ ತಿಂಗಳಿಗೊಮ್ಮೆ ಕೊಡುವ ಐವರ್ಮೆಕ್ಟಿನ್ ಕೆಜಿಗೆ 6 ಮೈಕ್ರೋಗ್ರಾಂ ಮಾತ್ರ. ಸುಮಾರು 400 ಪಟ್ಟು ಆಯಿತು. ಕಜ್ಜಿಗೆ ಅದಕ್ಕಿಂತ ಜಾಸ್ತಿ ಬಳಸುತ್ತಾರೆ, ಆದರೆ ಇಷ್ಟು ಯಾವತ್ತೂ ಇಲ್ಲ. ಇದಕ್ಕೆ ನೇರವಾದ ಮಾರುಮದ್ದೂ ಇಲ್ಲ. ಡ್ರಿಪ್ ಕೊಟ್ಟು, ಬೆಚ್ಚಗಿಟ್ಟು ಕಾಯಬೇಕು.

ಕುಕ್ಕರಹಳ್ಳಿ_ವಾಕರ್ – 12:30

ಐವರ್ಮೆಕ್ಟಿನ್ ಕಾಲಿ ತಳಿಯ ನಾಯಿಗೆ ಮಾತ್ರ ಆಗಲ್ಲ, ನಮ್ಮ ನಾಟಿ ನಾಯಿಗಳಿಗೆ ಏನೂ ಆಗಲ್ಲ ಅಂತ ಕೇಳಿದ್ದೆ.

ವೆಟ್_ಓದ್ತಿರೋಳು – 12:41

ಅರ್ಧ ಸರಿ. ಕಾಲಿ, ಶೆಟ್‌ಲ್ಯಾಂಡ್, ಆಸ್ಟ್ರೇಲಿಯನ್ ಶೆಫರ್ಡ್ ಇಂಥ ಕುರಿ ಕಾಯುವ ತಳಿಗಳಲ್ಲಿ ಎಂಡಿಆರ್1 ಅನ್ನುವ ಜೀನ್ ಕೆಟ್ಟಿರುವುದು ಜಾಸ್ತಿ. ಮೆದುಳಿಗೆ ಬಂದ ಔಷಧಿಯನ್ನು ಹೊರಗೆ ತಳ್ಳುವ ಕಾವಲುಗಾರ ಆ ಜೀನ್. 2001ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು ಅದನ್ನು ಪತ್ತೆ ಮಾಡಿದರು. ಕಾವಲುಗಾರ ಇಲ್ಲದ ನಾಯಿಗೆ ಕಡಿಮೆ ಡೋಸೂ ವಿಷ. ಮನುಷ್ಯರ ಭೇದಿ ಮಾತ್ರೆ ಲೋಪೆರಮೈಡ್ ಕೂಡ ಅವಕ್ಕೆ ಆಗದು. ಹಾಗಂತ ಕಾವಲುಗಾರ ಇದ್ದರೂ ಒಂದು ಸಲಕ್ಕೆ ಸಾವಿರ ಜನ ನುಗ್ಗಿದರೆ ಏನು ಮಾಡುತ್ತಾನೆ? ಮೇಲಿನ ಮರಿಗೆ ಆಗಿದ್ದು ಅದು.

ನಜರ್‌ಬಾದ್_ಪಗ್ – 1:10

ನಮ್ಮ ಪಗ್‌ಗೆ ವ್ಯಾಕ್ಸಿನ್ ಹಾಕಿಸಿ ಮನೆಗೆ ಬರುವಷ್ಟರಲ್ಲಿ ಮುಖ ಊದಿ ಕಣ್ಣೇ ಮುಚ್ಚಿಹೋಗಿತ್ತು. ಮೈಮೇಲೆಲ್ಲ ದದ್ದು. ವಾಪಸ್ ಓಡಿದೆವು, ಇಂಜೆಕ್ಷನ್ ಕೊಟ್ಟ ಮೇಲೆ ಎರಡು ಗಂಟೆಯಲ್ಲಿ ಇಳಿಯಿತು. ಈಗ ಪ್ರತಿ ಸಲ ಮೊದಲೇ ಹೇಳುತ್ತೇನೆ, ಹಾಕಿಸಿದ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಲ್ಲೇ ಕೂರುತ್ತೇನೆ.

ಬೋಗಾದಿ_ಬ್ರೌನಿ – 1:14

ನೋಡಿ, ಅದಕ್ಕೇ ನಾನು ವ್ಯಾಕ್ಸಿನ್ ಕೂಡ ಕಡಿಮೆ ಮಾಡಿದ್ದೇನೆ.

ನಜರ್‌ಬಾದ್_ಪಗ್ – 1:16

ನಾನು ಹೇಳಿದ್ದು ಅದಲ್ಲ! ನಾಯಿಯ ಮುಖ ಊದಿದ್ದನ್ನು ನೋಡಿದ ನಾನೇ ಪ್ರತಿ ವರ್ಷ ಹಾಕಿಸುತ್ತಿದ್ದೇನೆ. ರೇಬಿಸ್ ಲಕ್ಷಣ ಶುರುವಾದರೆ ನಾಯಿಗೂ ಉಳಿವಿಲ್ಲ, ಕಚ್ಚಿಸಿಕೊಂಡ ಮನುಷ್ಯನಿಗೂ ಇಲ್ಲ. ನಿಮ್ಮ ರಸ್ತೆಯಲ್ಲಿ ಮಕ್ಕಳು ಆಡುವುದಿಲ್ಲವಾ?

ಮೂರ್‌ಬೆಕ್ಕು – 1:20

ಪಗ್‌ನವರು ಹೇಳಿದ್ದು ನೂರಕ್ಕೆ ನೂರು ಸರಿ. ಬ್ರೌನಿಗೆ ಈ ವಾರವೇ ರೇಬಿಸ್ ಹಾಕಿಸಿ, ಕೈ ಮುಗಿದು ಕೇಳುತ್ತೇನೆ.

ಗೋಕುಲಂ_3ನೇಹಂತ – 2:02

ವಿಷಯ ಬಿಟ್ಟು ಕೇಳುತ್ತಿದ್ದೇನೆ, ಕ್ಷಮಿಸಿ. ದಸರಾ ಹತ್ತಿರ ಬಂತು. ನಮ್ಮ ಅಕ್ಕನ ಮನೆ ಅರಮನೆ ಹತ್ತಿರ. ಕುಶಾಲತೋಪು ತಾಲೀಮು ಶುರುವಾದ ದಿನದಿಂದ ಅವರ ಲ್ಯಾಬ್ ಬಾತ್‌ರೂಮಿನಿಂದ ಹೊರಗೆ ಬರುವುದಿಲ್ಲ. ಜಂಬೂಸವಾರಿ ದಿನ 21 ಸುತ್ತು ಹೊಡೆಯುವಾಗ ಅಂತೂ ಕೇಳಬೇಡಿ. ಹೋದ ವರ್ಷ ಯಾರೋ ಕೊಟ್ಟ ಅಸೆಪ್ರೊಮಜೀನ್ ಮಾತ್ರೆ ಹಾಕಿದರು. ಮಲಗಿತ್ತು, ಆದರೆ ಕಣ್ಣು ಬಿಟ್ಟುಕೊಂಡು ನಡುಗುತ್ತಿತ್ತು. ಅದು ಸರಿಯಾ?

ವೆಟ್_ಓದ್ತಿರೋಳು – 2:20

ಸರಿಯಲ್ಲ, ಮತ್ತೆ ಕೊಡಬೇಡಿ. ಆ ಮಾತ್ರೆ ಮೈಯನ್ನು ಕಟ್ಟಿಹಾಕುತ್ತದೆ, ಹೆದರಿಕೆ ಹಾಗೇ ಇರುತ್ತದೆ. ಓಡಿ ಬಚ್ಚಿಟ್ಟುಕೊಳ್ಳಲೂ ಆಗದೆ ಎಲ್ಲವನ್ನೂ ಕೇಳಿಸಿಕೊಂಡು ಬಿದ್ದಿತ್ತು ಪಾಪ. ಬಿಪಿಯೂ ಇಳಿಯುತ್ತದೆ. ಈಗ ಟ್ರಾಜೊಡೋನ್, ಗ್ಯಾಬಪೆಂಟಿನ್ ಬಳಸುತ್ತಾರೆ, ಅವು ಹೆದರಿಕೆಯನ್ನೇ ತಗ್ಗಿಸುತ್ತವೆ. ಸ್ವಲ್ಪ ತೂಕಡಿಕೆ, ಕಾಲು ತಡವರಿಸುವುದು ಇರುತ್ತದೆ. ತೋಪಿನ ದಿನವೇ ಮೊದಲ ಸಲ ಕೊಡಬೇಡಿ. ಡಾಕ್ಟರ ಹತ್ತಿರ ಬರೆಸಿಕೊಂಡು ಒಂದು ವಾರ ಮೊದಲು, ಮನೆಯಲ್ಲಿ ಎಲ್ಲರೂ ಇರುವಾಗ ಒಂದು ಡೋಸ್ ಕೊಟ್ಟು ಹೇಗಿರುತ್ತದೆ ನೋಡಿ. ಮನುಷ್ಯರ ಗ್ಯಾಬಪೆಂಟಿನ್ ಸಿರಪ್ ಮಾತ್ರ ಬೇಡ. ಕೆಲವದರಲ್ಲಿ ಸಿಹಿಗೆ ಜೈಲಿಟಾಲ್ ಹಾಕಿರುತ್ತಾರೆ, ನಾಯಿಗೆ ಅದು ವಿಷ.

ಗೋಕುಲಂ_3ನೇಹಂತ – 2:24

ಅಕ್ಕನಿಗೆ ಈಗಲೇ ಓದಿ ಹೇಳಿದೆ. ತುಂಬ ಉಪಕಾರವಾಯಿತು.

ಸಕ್ಕರೆನಾಡು_ಮೆಡಿಕಲ್ – 3:15

ನನ್ನ ಅನುಭವ ಹೇಳಿಬಿಡುತ್ತೇನೆ. ಅಂಗಡಿ ಇಟ್ಟು 17 ವರ್ಷ. ವಾರಕ್ಕೆ ಇಬ್ಬರಾದರೂ ಬಂದು "ನಾಯಿ ಕುಂಟುತ್ತಾ ಇದೆ, ಒಂದು ನೋವಿನ ಮಾತ್ರೆ ಕೊಡಿ" ಅಂತಾರೆ. ನಾನು ಕೊಡುವುದಿಲ್ಲ. ಆದರೆ ಎಷ್ಟೋ ಮನೆಯಲ್ಲಿ ಡಬ್ಬಿಯೊಳಗೆ ಮೊದಲೇ ಇರುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಹಾಳುಮಾಡುತ್ತವೆ. ನಾಯಿಗೆಂದೇ ಮೆಲೊಕ್ಸಿಕಾಮ್, ಕಾರ್ಪ್ರೊಫೆನ್ ಇವೆ, ಅವನ್ನೂ ತೂಕ ನೋಡಿ ಡಾಕ್ಟರೇ ಬರೆಯಬೇಕು. ಬೆಕ್ಕಿಗೆ ಮೆಲೊಕ್ಸಿಕಾಮ್ ಮತ್ತೆ ಮತ್ತೆ ಕೊಟ್ಟರೆ ಕಿಡ್ನಿ ಹೋಗಿ ಸಾಯಬಹುದು ಎಂದು ಅಮೆರಿಕದಲ್ಲಿ 2010ರಿಂದ ಲೇಬಲ್ ಮೇಲೆ ಚೌಕ ಹಾಕಿ ಬರೆಸಿದ್ದಾರೆ.

ಡೈಕ್ಲೋಫೆನಾಕ್ ಅಂದಾಗ ರಣಹದ್ದಿನ ಕಥೆ ನೆನಪಾಗುತ್ತದೆ. ನೋವಿಗೆ ಅದನ್ನು ಚುಚ್ಚಿಸಿಕೊಂಡ ದನ ಸತ್ತು, ಆ ಹೆಣ ತಿಂದ ಹದ್ದುಗಳು ಕಿಡ್ನಿ ಕೆಟ್ಟು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ದನಕರುಗಳಿಗೆ ಬಳಸುವುದನ್ನು ನಿಷೇಧ ಮಾಡಿದರು. ಆದರೂ ಮನುಷ್ಯರ ದೊಡ್ಡ ಬಾಟಲಿಗಳು ದನಕ್ಕೆ ಹೋಗುತ್ತಿದ್ದವು. 2015ರಲ್ಲಿ ಅವನ್ನೂ ನಿಲ್ಲಿಸಿ 3 ಎಂಎಲ್‌ನ ಒಂಟಿ ಡೋಸ್ ಮಾತ್ರ ಉಳಿಸಿದರು.

ಕುಕ್ಕರಹಳ್ಳಿ_ವಾಕರ್ – 3:22

ರಾಮನಗರದ ರಾಮದೇವರ ಬೆಟ್ಟದಲ್ಲಿ ಈಗಲೂ ಒಂದೆರಡು ಇವೆಯಂತೆ ಅಲ್ವಾ? ರಣಹದ್ದಿಗೆ ಅಂತ ವನ್ಯಧಾಮ ಮಾಡಿದ್ದು ಅಲ್ಲೇ. ಹಳೇ ಹೆದ್ದಾರಿಯಲ್ಲಿ ಬಸ್ಸಲ್ಲಿ ಹೋಗುವಾಗ ಬಂಡೆ ಮೇಲೆ ಹುಡುಕುತ್ತಿದ್ದೆ. ಈಗ ಎಕ್ಸ್‌ಪ್ರೆಸ್‌ವೇಯಲ್ಲಿ ಮದ್ದೂರೂ ಸಿಗಲ್ಲ, ಬೆಟ್ಟವೂ ಸಿಗಲ್ಲ.

ಪಾಂಡವಪುರ_ಗದ್ದೆ – 3:25

ಮದ್ದೂರು ವಡೆ ಬೇಕಾದರೆ ಹಳೇ ರಸ್ತೆಗೆ ಇಳಿಯಿರಿ ಸಾರ್, ಅಲ್ಲೇ ಇದೆ.

ಮೂರ್‌ಬೆಕ್ಕು – 4:10

ನೋವಿನ ಮಾತ್ರೆ ಅಂದಿರಿ. ನಾನು ಇದನ್ನು ಯಾವತ್ತೂ ಬರೆದಿರಲಿಲ್ಲ. 2019ರಲ್ಲಿ ನಮ್ಮ ಮೊದಲನೇ ಬೆಕ್ಕು ಪುಟ್ಟಿಗೆ ಜ್ವರ ಬಂತು. ಅಪ್ಪ ಪ್ರೀತಿಯಿಂದಲೇ ಅರ್ಧ ಪ್ಯಾರಸಿಟಮಾಲ್ 500 ಅರೆದು ಹಾಲಲ್ಲಿ ಕುಡಿಸಿದರು. ನಮಗೆಲ್ಲ ಜ್ವರ ಬಂದಾಗ ಅಪ್ಪ ಕೊಡುವುದು ಅದನ್ನೇ. ನಾಲ್ಕು ಗಂಟೆಯಲ್ಲಿ ಮುಖ, ಮುಂಗಾಲು ಊದಿಕೊಂಡವು. ತುಟಿ ಎತ್ತಿ ನೋಡಿದರೆ ವಸಡು ಗುಲಾಬಿ ಇರಲಿಲ್ಲ. ಕಾಫಿ ಡಿಕಾಕ್ಷನ್ ಬಣ್ಣ. ಉಸಿರಿಗೆ ಬಾಯಿ ತೆರೆಯುತ್ತಿದ್ದಳು. ಡಾಕ್ಟರು ಹೇಳಿದರು, ಪ್ಯಾರಸಿಟಮಾಲನ್ನು ಅರಗಿಸುವ ದಾರಿಯೇ ಬೆಕ್ಕಿನ ಲಿವರ್‌ನಲ್ಲಿ ಇಲ್ಲ, ಅದು ರಕ್ತವನ್ನೇ ಕೆಡಿಸಿ ಉಸಿರಿನ ಗಾಳಿ ಹೊರದ ಹಾಗೆ ಮಾಡುತ್ತದೆ ಅಂತ. ಮಾರುಮದ್ದು ಇದೆ, ಅಸಿಟೈಲ್‌ಸಿಸ್ಟೀನ್, ಬೇಗ ಬಂದಿದ್ದರೆ ಕೊಡಬಹುದಿತ್ತು ಎಂದರು. ಬೆಳಗಿನ ಜಾವ ನನ್ನ ಮಡಿಲಲ್ಲೇ ಹೋದಳು.

ಅಪ್ಪ ಆಮೇಲೆ ಬೆಕ್ಕು ಬೇಡವೇ ಬೇಡ ಅಂದಿದ್ದರು. ಈಗ ಮೂರು ಇವೆ, ಅಪ್ಪನೇ ಮೀನು ತಂದು ಹಾಕುತ್ತಾರೆ. ಆದರೆ ಪ್ಯಾರಸಿಟಮಾಲ್ ಶೀಟನ್ನು ಬೀರುವಿನ ಲಾಕರಲ್ಲಿ ಇಡುತ್ತಾರೆ.

ಹಳೇ_ಅಗ್ರಹಾರ – 4:18

ಓದಿ ಕಣ್ಣು ತುಂಬಿ ಬಂತು. ಬೆಕ್ಕಿಗೆ ಇನ್ನೊಂದು ಆಗದ್ದು ಪರ್ಮೆಥ್ರಿನ್. ನಾಯಿಯ ಬೆನ್ನಿಗೆ ಹಾಕುವ ಉಣ್ಣಿ ಡ್ರಾಪ್ಸನ್ನು ನಮ್ಮ ಬೆಕ್ಕಿಗೆ ಎರಡು ಹನಿ ಹಾಕಿದ್ದೆ. ಕಿವಿ ತುದಿಯಿಂದ ಬಾಲದವರೆಗೆ ಸೆಳೆತ. ಪಾತ್ರೆ ತೊಳೆಯುವ ಸೋಪಲ್ಲಿ ತೊಳೆದು, ಟವಲ್ಲಲ್ಲಿ ಸುತ್ತಿ ಓಡಿದೆವು. ಎರಡು ದಿನದ ಮೇಲೆ ಸರಿಯಾಯಿತು. ನಾಯಿ ಬೆಕ್ಕು ಎರಡೂ ಇರುವ ಮನೆಯವರು ಪ್ಯಾಕೆಟ್ ಮೇಲೆ ಬರೆದಿರುವುದನ್ನು ಓದಿ.

ಚಿನ್ನಿಅಮ್ಮ – ಸಂಜೆ 6:35

ಎಲ್ಲರದನ್ನೂ ಓದುತ್ತಾ ಇದ್ದೆ. ಮಗ ಪಕ್ಕದಲ್ಲಿ ಕೂತು ಓದುತ್ತಿದ್ದ. ನೋವಿನ ಮಾತ್ರೆ ವಿಷಯ ಬಂದಾಗ ಅವನ ಮುಖ ಬಿಳಿಚಿಕೊಂಡಿತು. ಚಿನ್ನಿ ಮೆಟ್ಟಿಲು ಹತ್ತಲು ಕಷ್ಟಪಡುತ್ತಿದ್ದಳು. ಕ್ರಿಕೆಟ್ ಆಡಿ ಮಂಡಿ ನೋವಿಗೆ ಅವನು ತಂದಿದ್ದ ಡೈಕ್ಲೋಫೆನಾಕ್ 50 ಇತ್ತಂತೆ. ನಿನ್ನೆ ಮೊನ್ನೆ ಎರಡು ದಿನ ಅರ್ಧ ಅರ್ಧ ಕೊಟ್ಟಿದ್ದಾನೆ. ನನಗೆ ಗೊತ್ತೇ ಇರಲಿಲ್ಲ. ಬೇರೆ ಏನೂ ಕೊಟ್ಟಿಲ್ಲ ಅಂತ ನಾನೇ ಬೆಳಿಗ್ಗೆ ಇಲ್ಲಿ ಬರೆದಿದ್ದೇನೆ. ಈಗ ಏನು ಮಾಡಲಿ?

ವೆಟ್_ಓದ್ತಿರೋಳು – 6:38

ಆ ಮಾತ್ರೆ ಇನ್ನು ಒಂದೂ ಬೇಡ. ಸ್ಟೀರಾಯ್ಡ್ ಜೊತೆ ಅದು ಸೇರಿದರೆ ಹೊಟ್ಟೆಯ ಒಳಗೆ ರಕ್ತ ಒಸರಬಹುದು, ಅದರ ಮೇಲೆ ಪ್ಲೇಟ್‌ಲೆಟ್ ಬೇರೆ ಕಡಿಮೆ. ಇವತ್ತಿನ ಕಕ್ಕ ಯಾವ ಬಣ್ಣ ಇತ್ತು? ವಸಡು ಬಿಳಿಚಿದೆಯಾ? ಬೇಗ ನೋಡಿ ಹೇಳಿ.

ಚಿನ್ನಿಅಮ್ಮ – 6:52

ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ನೋಡಿದೆ. ಕಪ್ಪಗಿದೆ, ಟಾರು ಇದ್ದ ಹಾಗೆ, ಅಂಟು ಅಂಟು. ಬಿಳಿ ಪೇಪರ್ ಒತ್ತಿದರೆ ಸುತ್ತ ಕೆಂಪು ಹರಡಿತು. ವಸಡು ಎಂದಿನಷ್ಟು ಕೆಂಪಿಲ್ಲ.

ವೆಟ್_ಓದ್ತಿರೋಳು – 6:53

ನಾಳೆವರೆಗೆ ಕಾಯಬೇಡಿ, ಈಗಲೇ ಹೊರಡಿ. ಮೂರೂ ಮಾತ್ರೆಯ ಶೀಟ್ ತೆಗೆದುಕೊಂಡು ಹೋಗಿ. ಎಷ್ಟು, ಯಾವಾಗ ಕೊಟ್ಟರು ಅಂತ ಮಗ ಬರೆದುಕೊಡಲಿ. ದಾರಿಯಲ್ಲಿ ಏನೂ ತಿನ್ನಿಸಬೇಡಿ.

ಕುಕ್ಕರಹಳ್ಳಿ_ವಾಕರ್ – 6:55

1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದಲ್ಲ?

ಪಾಂಡವಪುರ_ಗದ್ದೆ – 6:56

ಅದು ಮುಖ್ಯವಾಗಿ ಹಳ್ಳಿ ಕಡೆ ದನ, ಎಮ್ಮೆ, ಕುರಿಗೆ. ಈಗ ಅದಕ್ಕೆ ಕಾಯುವುದು ಬೇಡ.

ನಜರ್‌ಬಾದ್_ಪಗ್ – 6:57

ಭಾನುವಾರ ರಾತ್ರಿ ತೆರೆದಿರುವ ಎರಡು ಕ್ಲಿನಿಕ್ ನಂಬರ್ ಮೆಸೇಜ್ ಮಾಡಿದ್ದೇನೆ, ನೋಡಿ. ಒಂದು ಕಡೆ ನಾನೇ ಫೋನ್ ಮಾಡಿದೆ, ಡಾಕ್ಟರು ಇದ್ದಾರೆ. ನಾಯಿ ಬರುತ್ತಿದೆ ಅಂತ ಹೇಳಿದ್ದೇನೆ. ಆಟೋದವರು ನಾಯಿ ಹತ್ತಿಸಿಕೊಳ್ಳದಿದ್ದರೆ ಹೇಳಿ, ಕಾರು ತರುತ್ತೇನೆ.

ಚಿನ್ನಿಅಮ್ಮ – 6:59

ಯಜಮಾನರು ಕಾರು ತೆಗೆದರು. ಹೊರಟೆವು.

ಮೂರ್‌ಬೆಕ್ಕು – ರಾತ್ರಿ 9:20

ಏನಾಯಿತು? ಯಾರಿಗಾದರೂ ಗೊತ್ತಾ?

ಬೋಗಾದಿ_ಬ್ರೌನಿ – 9:48

ನಾನೂ ಕಾಯುತ್ತಿದ್ದೇನೆ. ಬೆಳಿಗ್ಗೆ ನಿಲ್ಲಿಸಿ ಅಂತ ಬರೆದದ್ದು ತಪ್ಪಾಯಿತು. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಿ, ತೊಂದರೆ ಕೊಟ್ಟದ್ದನ್ನು ಮುಂದುವರಿಸಿದ ಹಾಗಾಗುತ್ತಿತ್ತು. ಬ್ರೌನಿಗೆ ಕರ್ಪೂರದ ಎಣ್ಣೆಯನ್ನು ತೊಳೆದುಹಾಕಿದೆ.

ಚಿನ್ನಿಅಮ್ಮ – ಸೋಮವಾರ, ಬೆಳಿಗ್ಗೆ 7:15

ರಾತ್ರಿಯೆಲ್ಲ ಡ್ರಿಪ್ ಹಾಕಿದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿದೆ ಅಂದರು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇದೆ, ಮೂರು ದಿನ ಬಿಟ್ಟು ಮತ್ತೆ ನೋಡುತ್ತಾರಂತೆ. ಹುಣ್ಣಿಗೆ ಒಮೆಪ್ರಜೋಲ್, ಸುಕ್ರಾಲ್‌ಫೇಟ್ ಶುರು ಮಾಡಿದ್ದಾರೆ. ಸುಕ್ರಾಲ್‌ಫೇಟ್ ಕೂಡ ಡಾಕ್ಸಿಯನ್ನು ಹಿಡಿದುಕೊಳ್ಳುತ್ತದಂತೆ, ಮೊದಲು ಡಾಕ್ಸಿ, ಎರಡು ಗಂಟೆ ಬಿಟ್ಟು ಅದು. ಪ್ರೆಡ್ನಿಸೊಲೋನ್ ಪೂರ್ತಿ ನಿಲ್ಲಿಸಲಿಲ್ಲ, ಡೋಸ್ ಇಳಿಸಿದರು.

ಡಾಕ್ಟರು ಮಗನಿಗೆ ಬೈಯಲಿಲ್ಲ. ಟಿಕ್ ಫೀವರ್‌ನಲ್ಲಿ ಕೀಲು ನೋಯುತ್ತದೆ, ಅವಳು ಕುಂಟುವುದನ್ನು ಗಮನಿಸಿದವನು ನೀನೊಬ್ಬನೇ ಎಂದರು. ಅವನು ರಾತ್ರಿಯೆಲ್ಲ ಕ್ಲಿನಿಕ್‌ನ ನೆಲದ ಮೇಲೆ ಅವಳ ಪಕ್ಕ ಕೂತಿದ್ದ.

ಸಕ್ಕರೆನಾಡು_ಮೆಡಿಕಲ್ – 7:40

ದೇವರು ದೊಡ್ಡವನು. ಶೀಟ್‌ಗಳನ್ನು ಬಿಸಾಡಬೇಡಿ ಅಮ್ಮಾ, ಬ್ಯಾಚ್ ನಂಬರ್ ಬರೆದಿಟ್ಟುಕೊಳ್ಳಿ. ಮನುಷ್ಯರ ಔಷಧಿಯ ಅಡ್ಡಪರಿಣಾಮ ದಾಖಲಿಸಲು 2010ರಿಂದ ಸರ್ಕಾರದ ಕಾರ್ಯಕ್ರಮವೇ ಇದೆ. ನಾಯಿ ಬೆಕ್ಕಿನದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡಬೇಕು ಅನ್ನುವುದು ನನ್ನ ಆಸೆ. ಸದ್ಯಕ್ಕೆ ನಮ್ಮ ಮನೆಯ ನೋಟ್‌ಬುಕ್ಕೇ ದಾಖಲೆ.

ಮೂರ್‌ಬೆಕ್ಕು – 7:44

ಮಗನಿಗೆ ಹೇಳಿ, ನಮ್ಮಪ್ಪನೂ ಪ್ರೀತಿಯಿಂದಲೇ ಕೊಟ್ಟದ್ದು ಅಂತ. ಅವನ ಚಿನ್ನಿ ಉಳಿದಿದ್ದಾಳೆ.

ಚಿನ್ನಿಅಮ್ಮ – 13 ದಿನದ ನಂತರ, ಶನಿವಾರ

ತಡವಾಯಿತು, ಕ್ಷಮಿಸಿ. ನಿನ್ನೆ ರಕ್ತ ಪರೀಕ್ಷೆ ಆಯಿತು. ಪ್ಲೇಟ್‌ಲೆಟ್ 1,85,000. ಕ್ರಿಯಾಟಿನಿನ್ ಮಾಮೂಲಿಗೆ ಬಂದಿದೆ. ಕಕ್ಕ ಕಂದು ಬಣ್ಣ. ಪ್ರೆಡ್ನಿಸೊಲೋನ್ ಈಗ ದಿನ ಬಿಟ್ಟು ದಿನ, ಮುಂದಿನ ವಾರ ಮುಗಿಯುತ್ತದೆ. ನೀರು ಎರಡು ಬೋಸಿಗೆ ಇಳಿದಿದೆ. ಡಾಕ್ಸಿ ಇನ್ನೂ ಹತ್ತು ದಿನ ಬಾಕಿ, ಅನ್ನ ಕೋಳಿ ತಿಂದ ಮೇಲೆ ಕೊಡುತ್ತಿದ್ದೇನೆ, ವಾಂತಿ ಇಲ್ಲ. ಫ್ರಿಜ್ ಮೇಲೆ ಮಗ ಒಂದು ಹಾಳೆ ಅಂಟಿಸಿದ್ದಾನೆ. ಯಾವ ಮಾತ್ರೆ, ಎಷ್ಟು ಗಂಟೆಗೆ, ಯಾರು ಕೊಟ್ಟರು ಅಂತ. ಅತ್ತೆಯೂ ಕೊಟ್ಟ ಮೇಲೆ ಸಹಿ ಹಾಕುತ್ತಾರೆ.

ನಿನ್ನೆ ರಾತ್ರಿ ದೇವರ ಮನೆ ಬಾಗಿಲು ಒಣಗಿತ್ತು. ಮೂರು ಗಂಟೆಗೆ ಬಂದು ಮೂಗಿನಿಂದ ನನ್ನ ಕೈ ತಳ್ಳಿ ಎಬ್ಬಿಸಿದಳು, ಹೊರಗೆ ಕರೆದುಕೊಂಡು ಹೋಗು ಅಂತ.

ವೆಟ್_ಓದ್ತಿರೋಳು – ಶನಿವಾರ

ಓದಿ ಎಷ್ಟು ಖುಷಿಯಾಯಿತು ಗೊತ್ತಾ! ಡಾಕ್ಸಿ 28 ದಿನ ಪೂರ್ತಿ ಮುಗಿಸಿ. ಆಮೇಲೆ ಒಂದು ಸಲ ಪ್ಲೇಟ್‌ಲೆಟ್ ನೋಡಿಸಿ.

ಬೋಗಾದಿ_ಬ್ರೌನಿ – ಶನಿವಾರ

ಬ್ರೌನಿಗೆ ಮಂಗಳವಾರ ರೇಬಿಸ್ ಹಾಕಿಸಿದೆ. ಅರ್ಧ ಗಂಟೆ ಅಲ್ಲೇ ಕೂತಿದ್ದೆವು, ಏನೂ ಆಗಲಿಲ್ಲ. ಉಣ್ಣಿಗೆ ಯಾವ ಮಾತ್ರೆ ಅಂತ ಡಾಕ್ಟರ ಹತ್ತಿರ ಮಾತಾಡಿದೆ. ಅವನಿಗೆ ಮರಿಯಾಗಿದ್ದಾಗ ಒಂದು ಸಲ ಫಿಟ್ಸ್ ಬಂದಿತ್ತು, ಅದನ್ನು ಹೇಳಿದೆ. ಹಾಗಾದರೆ ಬೇರೆ ಗುಂಪಿನ ಔಷಧಿ ಬರೆದುಕೊಡುತ್ತೇನೆ ಅಂದರು.